ವ್ಯವಹಾರ ನಿಯಮಗಳನ್ನು ಬರೆದಿಡಲು ಯಾವ ಮಾನಕದಿಂದ ಆರಂಭಿಸಬೇಕು?

ಪ್ರಶ್ನೆ (ಮಲೆನಾಡಿಗ):
ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರಿ ಬ್ಯಾಂಕಿನ ಗಣಕ ವಿಭಾಗದಲ್ಲಿದ್ದೇನೆ. ಚಿನ್ನದ ಸಾಲದ ಬಗ್ಗೆ ನಮ್ಮ ಸುತ್ತೋಲೆಯಲ್ಲಿ ‘ಹಳೆಯ ಗ್ರಾಹಕರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ರಿಯಾಯಿತಿ ಕೊಡಬಹುದು’ ಎಂದಿದೆ. ಒಂದು ಶಾಖೆಯವರು ಖಾತೆ ತೆರೆದ ದಿನದಿಂದ ಲೆಕ್ಕ ಹಾಕಿದರೆ, ಇನ್ನೊಂದು ಶಾಖೆಯವರು ಮೊದಲ ಸಾಲ ಪಡೆದ ದಿನದಿಂದ ಹಾಕುತ್ತಾರೆ. ಸಾಫ್ಟ್‌ವೇರ್ ಮಾತ್ರ ಕೆವೈಸಿ ನವೀಕರಿಸಿದ ತಾರೀಖನ್ನು ಹಿಡಿದುಕೊಂಡಿದೆ. ಹಿರಿಯರೊಬ್ಬರು ಎರಡು ಶಾಖೆಗಳ ರಸೀದಿಗಳನ್ನು ಮೇಜಿನ ಮೇಲಿಟ್ಟು ಕಾರಣ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಎಸ್‌ಬಿವಿಆರ್, ಡಿಎಂಎನ್, ರಿಫ್ ಎಂಬ ಮಾನಕಗಳ ಹೆಸರು ಕೇಳಿದ್ದೇನೆ. ಯಾವುದರಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಪದಕೋಶ):
ಸರ್, ತಮ್ಮ ತೊಂದರೆ ಇರುವುದು ನಿಯಮದಲ್ಲಲ್ಲ, ‘ಹಳೆಯ ಗ್ರಾಹಕ’ ಎಂಬ ಪದದಲ್ಲಿ. ಬಿಸಿನೆಸ್ ರೂಲ್ಸ್ ಗ್ರೂಪ್ 2003ರಲ್ಲಿ ಹೊರತಂದ ಪ್ರಣಾಳಿಕೆ ಇದನ್ನೇ ಒತ್ತಿ ಹೇಳಿತು: ನಿಯಮಕ್ಕೆ ಆಧಾರ ಸಂಗತಿಗಳು, ಸಂಗತಿಗಳಿಗೆ ಆಧಾರ ಪದಗಳು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಎಸ್‌ಬಿವಿಆರ್ (ವ್ಯವಹಾರದ ಪದಗಳನ್ನೂ ನಿಯಮಗಳನ್ನೂ ಬರೆದಿಡುವ ಮಾನಕ) ಈ ವಿಚಾರವನ್ನು ಮಾನಕದ ರೂಪಕ್ಕೆ ತಂದಿತು. ಅದು ನಿಯಮಗಳನ್ನು ಎರಡು ಬಗೆಯಾಗಿ ನೋಡುತ್ತದೆ. ‘ಹಿರಿಯ ನಾಗರಿಕ ಎಂದರೆ 60 ವರ್ಷ ತುಂಬಿದವರು’ ಎಂಬುದು ವ್ಯಾಖ್ಯೆಯ ನಿಯಮ. ಅದನ್ನು ಯಾರೂ ಮುರಿಯಲಾಗದು. ‘ಆಭರಣವನ್ನು ಇಬ್ಬರು ಸಿಬ್ಬಂದಿಯ ಎದುರಿಗೆ ತೂಗಬೇಕು’ ಎಂಬುದು ನಡವಳಿಕೆಯ ನಿಯಮ. ಜನದಟ್ಟಣೆಯ ದಿನ ಅದು ಮುರಿಯಬಹುದು, ಆದ್ದರಿಂದ ಮುರಿದಾಗ ಏನು ಕ್ರಮವೆಂಬುದನ್ನೂ ಯೋಚಿಸಿಟ್ಟಿರಬೇಕು.

ನನಗೆ ಬಹಳ ಮೆಚ್ಚುಗೆಯಾದ ಇನ್ನೊಂದು ಅಂಶವೆಂದರೆ, ಈ ಮಾನಕ ಅರ್ಥವನ್ನು ಭಾಷೆಯಿಂದ ಬೇರ್ಪಡಿಸುತ್ತದೆ. ಒಂದೇ ಪರಿಕಲ್ಪನೆಗೆ ತಮ್ಮ ಶಾಖೆಯವರು ಕನ್ನಡದ ಪದವನ್ನೂ ಸಾಫ್ಟ್‌ವೇರ್ ಕೊಟ್ಟವರು ಇಂಗ್ಲಿಷ್ ಪದವನ್ನೂ ಬಳಸಿದರೂ, ವ್ಯಾಖ್ಯೆ ಒಂದೇ ಆಗಿರಬೇಕು ಎನ್ನುತ್ತದೆ. ಹೀಗಾಗಿ ಪದಕೋಶವನ್ನು ಕನ್ನಡದಲ್ಲೇ ಆರಂಭಿಸಲು ಯಾವ ಅಡ್ಡಿಯೂ ಇಲ್ಲ.

ಉತ್ತರ 2 (ಕೋಷ್ಟಕ):
ಮೇಲಿನ ಮಾತು ಸರಿ. ಆದರೆ ಪದಕೋಶ ಸಿದ್ಧವಾಗುವ ತನಕ ಕೌಂಟರಿನ ಕೆಲಸ ನಿಲ್ಲುವುದಿಲ್ಲವಾದ್ದರಿಂದ, ಬಡ್ಡಿದರದ ನಿರ್ಣಯಕ್ಕೆ ಡಿಎಂಎನ್ ಕೋಷ್ಟಕವನ್ನು, ಅಂದರೆ ಯಾವ ಷರತ್ತಿಗೆ ಯಾವ ಫಲಿತಾಂಶವೆಂದು ಸಾಲುಸಾಲಾಗಿ ತೋರಿಸುವ ಪಟ್ಟಿಯನ್ನು, ಈಗಲೇ ಬರೆಯಿರಿ. ಅದೂ ಅದೇ ಸಂಸ್ಥೆಯ ಮಾನಕ; 1.0 ಆವೃತ್ತಿ 2015ರಲ್ಲಿ ಬಂತು. ಗ್ರಾಹಕರು ಹಿರಿಯ ನಾಗರಿಕರೂ ಹೌದು, ಹಳಬರೂ ಹೌದು ಎಂದಾಗ ಕೋಷ್ಟಕದ ಎರಡು ಸಾಲುಗಳು ಏಕಕಾಲಕ್ಕೆ ಅನ್ವಯಿಸುತ್ತವೆ. ಒಮ್ಮೆಗೆ ಒಂದೇ ಸಾಲು ಅನ್ವಯಿಸಬೇಕೆನ್ನುವ ‘ಯುನೀಕ್’ ನೀತಿಯನ್ನು ಆರಿಸಿದ್ದರೆ ಅಂತಹ ಅತಿವ್ಯಾಪ್ತಿ ತಪ್ಪೆಂದೇ ಪರಿಗಣಿತವಾಗುತ್ತದೆ, ಆಗ ಆಡಳಿತ ಮಂಡಳಿಯವರು ಕುಳಿತು ತೀರ್ಮಾನಿಸಲೇಬೇಕಾಗುತ್ತದೆ. ಮೊದಲು ಹೊಂದಿದ ಸಾಲೇ ಅಂತಿಮ ಎನ್ನುವ ‘ಫಸ್ಟ್’ ನೀತಿಯೂ ಇದೆ. ಆದರೆ ತರ್ಕದ ಒಟ್ಟು ಚಿತ್ರ ಸ್ಪಷ್ಟವಾಗುವುದಿಲ್ಲವೆಂದು ಮಾನಕವೇ ಅದನ್ನು ಒಳ್ಳೆಯ ರೂಢಿಯೆಂದು ಒಪ್ಪುವುದಿಲ್ಲ.

ಉತ್ತರ 3 (ಹಳೆಯಕೋಡು):
ರಿಫ್ ತಮಗೆ ಸದ್ಯಕ್ಕೆ ಬೇಡ. ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯುತ್ರೀಸಿ 2010ರಲ್ಲಿ ಶಿಫಾರಸು ಮಾಡಿದ ಅದು, ಒಂದು ನಿಯಮ ವ್ಯವಸ್ಥೆಯಿಂದ ಇನ್ನೊಂದಕ್ಕೆ ನಿಯಮಗಳನ್ನು ಸಾಗಿಸಲು ರೂಪಿಸಿದ್ದು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಜಾವಾ ಪ್ರೋಗ್ರಾಮಿಂಗ್ ಭಾಷೆಯ ಲೋಕದಲ್ಲಿ 2004ರಲ್ಲಿ ಬಂದ ಜೆಎಸ್‌ಆರ್-94 ಎಂಬ ಮಾನಕವು, ನಿಯಮ ಎಂಜಿನ್ನನ್ನು (ನಿಯಮಗಳನ್ನು ಓದಿ ಜಾರಿಗೊಳಿಸುವ ಸಾಫ್ಟ್‌ವೇರನ್ನು) ಕರೆಯುವ ವಿಧಾನವನ್ನಷ್ಟೇ ಏಕರೂಪಗೊಳಿಸಿತು, ನಿಯಮ ಬರೆಯುವ ಭಾಷೆಯನ್ನು ಮುಟ್ಟಲಿಲ್ಲ. ಅದನ್ನು ನಂಬಿ ಎಂಜಿನ್ ಬದಲಿಸಲು ಹೊರಟ ನಮ್ಮ ತಂಡ ಕೊನೆಗೆ ಪ್ರತಿಯೊಂದು ನಿಯಮವನ್ನೂ ಕೈಯಾರೆ ಮತ್ತೆ ಬರೆಯಬೇಕಾಯಿತು. ‘ಮಾನಕಬದ್ಧ’ ಎಂದು ಮಾರಾಟಗಾರರು ಹೇಳಿದಾಗ, ಯಾವ ಭಾಗಕ್ಕೆ ಎಂದು ಕೇಳಿ.

ಮಲೆನಾಡಿಗ:
ಎಲ್ಲರಿಗೂ ಕೃತಜ್ಞತೆಗಳು. ಸುತ್ತೋಲೆಯಲ್ಲಿರುವ ‘ಕೊಡಬಹುದು’ ಎಂಬುದನ್ನು ಯಾವ ಬಗೆಯ ನಿಯಮವೆಂದು ತಿಳಿಯಬೇಕು?

ಉತ್ತರ 1 (ಪದಕೋಶ):
ಅದು ಅನುಮತಿ, ಕಡ್ಡಾಯವಲ್ಲ. ಕೊಡುವ ವಿವೇಚನೆ ಶಾಖಾ ವ್ಯವಸ್ಥಾಪಕರದೆಂದು ಓದಲು ಅವಕಾಶವಿದೆ. ಅರ್ಹರೆಲ್ಲರಿಗೂ ರಿಯಾಯಿತಿ ಸಿಗಬೇಕೆಂಬುದೇ ಮಂಡಳಿಯ ಉದ್ದೇಶವಾಗಿದ್ದರೆ ‘ಕೊಡತಕ್ಕದ್ದು’ ಎಂದು ತಿದ್ದಿಸಿ, ಅದೇ ಹಾಳೆಯಲ್ಲಿ ‘ಹಳೆಯ ಗ್ರಾಹಕ’ ಪದದ ವ್ಯಾಖ್ಯೆಯನ್ನೂ ಬರೆಸಿಕೊಳ್ಳಿ.