ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಹಳ್ಳಿಯಲ್ಲಿ ಜನ ಸಿಗುತ್ತಿಲ್ಲ: ನೀವು ಹೇಗೆ ನಿಭಾಯಿಸಿದ್ದೀರಿ?

ಕೊನೆಭಾಗದ ರೈತನ ಮಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಣ್ಣ ಮತ್ತು ಅತ್ತಿಗೆ ಊರಿನಲ್ಲಿದ್ದಾರೆ. 78 ವರ್ಷದ ನಮ್ಮ ಅವ್ವನಿಗೆ ಎಂಟು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಭಾಗ ಸ್ವಾಧೀನ ತಪ್ಪಿದೆ. ಅಂದಿನಿಂದ ಇಂದಿನವರೆಗೆ ನಾಲ್ಕು ಜನ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಗೊತ್ತುಮಾಡಿದ್ದೇವೆ. ಮೊದಲಿನವರು ಭತ್ತದ ನಾಟಿ ಶುರುವಾದ ದಿನವೇ ಬರುವುದನ್ನು ನಿಲ್ಲಿಸಿದರು, ಎರಡನೆಯವರು ಗಂಡನ ಜೊತೆ ಗುಳೆ ಹೋದರು, ಮೂರನೆಯವರು ಬೇರೆಯವರ ಮಲಮೂತ್ರ ಬಾಚುತ್ತಾರೆಂದು ಅವರ ಮನೆಯವರೇ ಬಿಡಿಸಿದರು. ಈಗಿರುವ ನಾಲ್ಕನೆಯವರು ಹತ್ತಿ ಬಿಡಿಸುವ ಕಾಲ ಬಂದರೆ ತಾವೂ ಇರುವುದಿಲ್ಲವೆಂದು ಮೊದಲೇ ತಿಳಿಸಿದ್ದಾರೆ.

ಬೆಂಗಳೂರಿನ ಒಂದು ಏಜೆನ್ಸಿಯನ್ನು ಕೇಳಿದಾಗ, ಊರಿನ ಹೆಸರು ಹೇಳುವವರೆಗೆ ಬಹಳ ಉತ್ಸಾಹದಿಂದಲೇ ಮಾತನಾಡಿದರು. ಅವ್ವನನ್ನೇ ಬೆಂಗಳೂರಿಗೆ ಕರೆತಂದೆವು; ಹದಿನೈದು ದಿನಗಳಲ್ಲಿ ಊಟ ಬಿಟ್ಟರು, ವಾಪಸ್ ಕಳುಹಿಸಬೇಕಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಇಂತಹ ಸ್ಥಿತಿಯನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವ ವೃದ್ಧಾಶ್ರಮಗಳು ಇವೆಯೇ?

ನಿವೃತ್ತ ಶುಶ್ರೂಷಕಿ, ಮಾನ್ವಿ

ಮೊದಲು ವೃದ್ಧಾಶ್ರಮದ ವಿಷಯ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 19ನೆಯ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಷ್ಟು ದೊಡ್ಡ ವೃದ್ಧಾಶ್ರಮದ ಮಾತನ್ನಾಡುತ್ತದೆ. ಆದರೆ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆಯೇ ಹೊರತು ಸ್ಥಾಪಿಸಲೇಬೇಕು ಎನ್ನುವುದಿಲ್ಲ. ನಾನು ವಿಚಾರಿಸಿದ ಆಶ್ರಮಗಳೆಲ್ಲ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದವು. ಅವರ ಬಳಿಯೂ ಎತ್ತಿ ಇಳಿಸುವ ಕೈಗಳಿಲ್ಲ.

ನಿಮ್ಮ ಊರಿನ ಸರ್ಕಾರಿ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕಂಡು ಬನ್ನಿ. ಉಪಕೇಂದ್ರಗಳನ್ನು ಆರೋಗ್ಯ ಕ್ಷೇಮ ಕೇಂದ್ರಗಳಾಗಿ ಬದಲಿಸಿದಾಗ ನಿಗದಿಯಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆಯೂ, ವಾಸಿಯಾಗದ ಕಾಯಿಲೆಯವರ ನೋವು ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯೂ ಸೇರಿವೆ. ಆದ್ದರಿಂದ ಮನೆಗೆ ಬಂದು ನೋಡಿ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಆದರೆ ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬ ಲೆಕ್ಕದಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಬಾಣಂತಿ, ಲಸಿಕೆ, ವರದಿ ಎಲ್ಲವೂ ಅಲ್ಲಿನ ಎರಡು ಮೂರು ಜನರ ತಲೆಯ ಮೇಲಿರುತ್ತವೆ. ತಿಂಗಳಿಗೊಮ್ಮೆ ಬಂದರೆ ಅದೇ ದೊಡ್ಡದು.

ಹೀಗಾಗಿ ತರಬೇತಿ ಪಡೆದವರನ್ನು ಹುಡುಕುವುದನ್ನು ಬಿಟ್ಟು, ಸಿಕ್ಕವರಿಗೆ ನೀವೇ ಕಲಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸುವಾಗ ಎಳೆಯಬಾರದು, ಹಾಸಿದ ಬಟ್ಟೆಯ ಸಮೇತ ಇಬ್ಬರು ಎತ್ತಿ ಸರಿಸಬೇಕು, ಏಕೆಂದರೆ ಎಳೆದಾಗ ಚರ್ಮ ಕಿತ್ತು ಹಾಸಿಗೆ ಹುಣ್ಣು ಶುರುವಾಗುತ್ತದೆ. ಬಿದ್ದಿರುವ ಬಲಗೈಯನ್ನು ಹಿಡಿದು ಎಂದೂ ಎತ್ತಬೇಡಿ, ಭುಜದ ಕೀಲು ಜಾರುತ್ತದೆ. ಗಂಜಿ ಕುಡಿಸುವಾಗ ಪೂರ್ತಿ ಕೂರಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದಾಗ ಕೆಮ್ಮು ಬಂದರೆ ನುಂಗುವುದರಲ್ಲಿ ತೊಂದರೆಯಿದೆ ಎಂದರ್ಥ. ವೈದ್ಯರಿಗೆ ತೋರಿಸದೆ ಮುಂದುವರಿಸಬೇಡಿ. ಇಷ್ಟನ್ನು ಓದುಬರಹ ಬಾರದವರೂ ಒಂದು ವಾರದಲ್ಲಿ ಕಲಿಯುತ್ತಾರೆ, ನಾನು ಕಲಿಸಿದ್ದೇನೆ.

ಗಂಗಾವತಿಯಿಂದ

ನಾನು ಆರು ವರ್ಷ ಬೆಂಗಳೂರಿನಲ್ಲಿ ಏಜೆನ್ಸಿಯೊಂದರ ಮೂಲಕ ಇದೇ ಕೆಲಸ ಮಾಡಿ ಊರಿಗೆ ಮರಳಿದವಳು, ಆದ್ದರಿಂದ ಆ ನಾಲ್ವರ ಕಡೆಯಿಂದ ಮಾತನಾಡುತ್ತೇನೆ. ಜನ ಸಿಗುತ್ತಿಲ್ಲವೆಂದು ಬರೆದಿದ್ದೀರಿ. ನಾಲ್ಕು ಜನ ಸಿಕ್ಕಿದ್ದಾರಲ್ಲ, ನಿಲ್ಲಲಿಲ್ಲ ಅಷ್ಟೆ. ನಾಟಿ ಎಂದರೆ ಎಕರೆ ಲೆಕ್ಕದ ಗುತ್ತಿಗೆ, ಹತ್ತಿ ಎಂದರೆ ಕಿಲೋ ಲೆಕ್ಕದ ಕೂಲಿ. ಗುಂಪಿನಲ್ಲಿ ಮಾತನಾಡುತ್ತಾ ಮಾಡಿ ಸಂಜೆಗೆ ಮನೆ ಸೇರಬಹುದು. ಒಂದು ಸುಗ್ಗಿ ಗುಂಪು ಬಿಟ್ಟವಳನ್ನು ಮುಂದಿನ ಸುಗ್ಗಿಗೆ ಯಾರೂ ಕರೆಯುವುದಿಲ್ಲ. ರೋಗಿಯ ಮನೆಯಲ್ಲಿ ವಾರದ ರಜೆಯಿಲ್ಲ, ರಾತ್ರಿ ಎದ್ದದ್ದಕ್ಕೆ ಲೆಕ್ಕವಿಲ್ಲ, ಅಜ್ಜಿ ತೀರಿಕೊಂಡ ಮರುದಿನ ಕೆಲಸವೂ ಇಲ್ಲ.

ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ; 2024-25ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎಂದರೆ ಆ ಪಿಂಚಣಿಯಿಂದ ನಾಲ್ಕು ದಿನದ ಕೂಲಿಯೂ ಹುಟ್ಟುವುದಿಲ್ಲ. ಮಗ ಬೆಂಗಳೂರಿನಲ್ಲಿ ದುಡಿಯುವ ಮನೆಯವರಾದರೂ ಕೊಡಬಲ್ಲರು. ಇಬ್ಬರೇ ಮುದುಕರು ಉಳಿದಿರುವ ಮನೆಗಳ ಗತಿ ಕೇಳುವವರಿಲ್ಲ. ಮತ್ತೊಂದು ಮಾತು, ತಪ್ಪು ತಿಳಿಯಬೇಡಿ. ನಾಲ್ವರ ಲೆಕ್ಕ ಕೊಟ್ಟಿರಿ, ಈ ಎಂಟು ತಿಂಗಳ ರಾತ್ರಿಗಳನ್ನು ಯಾರು ನೋಡಿಕೊಂಡರೆಂದು ಬರೆಯಲಿಲ್ಲ. ನಿಮ್ಮ ಅತ್ತಿಗೆಯವರೇ ಇರಬೇಕು.

ಬಳ್ಳಾರಿ ಹುಡುಗಿ, ಈಗ ವಿಕ್ಟೋರಿಯಾ

ನಾನು ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಹಣವಿರುವ ದೇಶದಲ್ಲಿ ಈ ತೊಂದರೆ ಇರಲಾರದೆಂದು ನಾನೂ ಭಾವಿಸಿದ್ದೆ. ಇಲ್ಲಿ ವೃದ್ಧರ ಆರೈಕೆಯ ಸ್ಥಿತಿಯನ್ನು ತನಿಖೆ ಮಾಡಲು 2018ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗ 2021ರಲ್ಲಿ ಅಂತಿಮ ವರದಿ ಕೊಟ್ಟ ಮೇಲೆ, 2023ರ ಜುಲೈ 1ರಿಂದ ಪ್ರತಿ ಕೇಂದ್ರದಲ್ಲೂ ದಿನದ 24 ಗಂಟೆ ನೋಂದಾಯಿತ ನರ್ಸ್ ಇರಬೇಕೆಂಬ ನಿಯಮ ಬಂದಿತು. ಆದರೆ ದೂರದ ಗ್ರಾಮೀಣ ಪ್ರದೇಶಗಳಲ್ಲಿರುವ, 30 ಅಥವಾ ಅದಕ್ಕಿಂತ ಕಡಿಮೆ ಹಾಸಿಗೆಗಳ ಕೇಂದ್ರಗಳು ವಿನಾಯಿತಿ ಕೇಳಲು ಅವಕಾಶವಿಡಬೇಕಾಯಿತು, ಏಕೆಂದರೆ ಅಲ್ಲಿಗೆ ಹೋಗಲು ನರ್ಸ್‌ಗಳೇ ಇಲ್ಲ. ಅದೇ 2023ರಲ್ಲಿ ಆರೈಕೆ ಕೆಲಸಗಾರರ ಕನಿಷ್ಠ ವೇತನವನ್ನು ಶೇ. 15ರಷ್ಟು ಏರಿಸಿದರು, ಆದರೂ ನಮ್ಮಲ್ಲಿ ಖಾಲಿ ಪಾಳಿಗಳನ್ನು ತುಂಬಲು ದೂರದ ನಗರಗಳಿಂದ ಏಜೆನ್ಸಿಯವರನ್ನು ಕರೆಸುತ್ತೇವೆ. ಆ ಕೊರತೆಯನ್ನು ತುಂಬಲು ನನ್ನಂಥವರು ಬಂದೆವು. ನನ್ನ ಅಜ್ಜಿಯನ್ನು ಸಿರುಗುಪ್ಪದಲ್ಲಿ ಈಗ ಚಿಕ್ಕಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ.

ಇದಕ್ಕಿಂತ ಹತ್ತಿರದ ಮಾದರಿ ಕೇರಳದ್ದು. ಅಲ್ಲಿ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸ್ ಮನೆಮನೆಗೆ ಹೋಗುವ ವ್ಯವಸ್ಥೆ ಮಾಡಿದರು. ನೆರೆಹೊರೆಯ ಸ್ವಯಂಸೇವಕರು ಜೊತೆಗಿರುತ್ತಾರೆ.

ಕೊನೆಭಾಗದ ರೈತನ ಮಗ

ಗಂಗಾವತಿಯ ಅಕ್ಕನವರು ಊಹಿಸಿದ್ದು ನಿಜ. ರಾತ್ರಿಗಳೆಲ್ಲವೂ ಅತ್ತಿಗೆಯವರದೇ ಆಗಿದ್ದವು; ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ನಿನ್ನೆ ಈಗಿರುವವರ ಜೊತೆ ಕುಳಿತು ಮಾತನಾಡಿದೆವು. ಹತ್ತಿಯ ಕಾಲದಲ್ಲಿ ಬೆಳಿಗ್ಗೆ ಹತ್ತರವರೆಗೆ ಮತ್ತು ಸಂಜೆಯ ನಂತರ ಬರಲು, ಭಾನುವಾರ ಬಿಡುವು ಪಡೆಯಲು ಒಪ್ಪಿದ್ದಾರೆ, ಸಂಬಳ ಕಡಿತವಿಲ್ಲ. ತಿಂಗಳಿಗೆ ಒಂದು ವಾರ ನಾನು ಊರಿನಿಂದಲೇ ಕೆಲಸ ಮಾಡಿ ರಾತ್ರಿ ಪಾಳಿ ನೋಡಿಕೊಳ್ಳುತ್ತೇನೆ. ಸಿಸ್ಟರ್, ಒಂದು ಸಂದೇಹ: ಗಾಳಿ ಹಾಸಿಗೆ ತಂದರೂ ಎರಡು ಗಂಟೆಗೊಮ್ಮೆ ಏಳಬೇಕೇ?

ನಿವೃತ್ತ ಶುಶ್ರೂಷಕಿ, ಮಾನ್ವಿ

ಏಳಬೇಕು. ಚರ್ಮ ಕೆಂಪಾಗದಿದ್ದರೆ ವೈದ್ಯರನ್ನು ಕೇಳಿ ರಾತ್ರಿಯ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಕರೆಂಟ್ ಹೋದರೆ ಗಾಳಿ ಹಾಸಿಗೆ ಇಳಿದುಹೋಗುತ್ತದೆ, ಮೊದಲು ಇನ್ವರ್ಟರ್ ನೋಡಿಕೊಳ್ಳಿ.