ಟಿಎಫ್‌ಆರ್ 1.7ಕ್ಕೆ ಇಳಿದರೂ ಕರ್ನಾಟಕದ ಜನಸಂಖ್ಯೆ ಏರುತ್ತಿರುವುದೇಕೆ? ಎರಡು ಮಕ್ಕಳ ಕಾನೂನು ಬೇಕೇ?

ಪ್ರಶ್ನೆ: ಶರಾವತಿ_ದಂಡೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಟಿಎಫ್‌ಆರ್, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು, 1.7. ದೇಶದ್ದು 2.0. 2.1ಕ್ಕಿಂತ ಕೆಳಗಿಳಿದರೆ ಜನಸಂಖ್ಯೆ ಕಡಿಮೆಯಾಗಬೇಕು ಅಂತ ಪುಸ್ತಕದಲ್ಲಿದೆ. ಆದರೂ ಏರುತ್ತಲೇ ಇದೆಯಲ್ಲ, ಲೆಕ್ಕ ಎಲ್ಲಿ ತಪ್ಪುತ್ತಿದೆ? ಎರಡು ಮಕ್ಕಳ ಮಿತಿಯನ್ನು ಕಾನೂನು ಮಾಡಿದರೆ ಉಪಯೋಗವಿದೆಯೇ? ಜನ ತಾವಾಗಿಯೇ ಎರಡಕ್ಕೆ ನಿಲ್ಲಿಸುತ್ತಿರುವಾಗ ಪಿಎಚ್‌ಸಿಗಳಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ) ಕುಟುಂಬ ಯೋಜನೆಯ ಕೆಲಸ ಇನ್ನೇನು ಉಳಿದಿದೆ?

ಉತ್ತರ 1: ಗಣತಿದಾರ

ಲೆಕ್ಕ ತಪ್ಪಿಲ್ಲ ಸರ್, ಎರಡು ಬೇರೆ ಲೆಕ್ಕಗಳು ಕಲಸಿಹೋಗಿವೆ. ಟಿಎಫ್‌ಆರ್ ಒಬ್ಬ ಮಹಿಳೆಯ ಲೆಕ್ಕ. ಒಂದು ವರ್ಷದಲ್ಲಿ ಎಷ್ಟು ಮಕ್ಕಳು ಹುಟ್ಟುತ್ತಾರೆ ಎನ್ನುವುದಕ್ಕೆ ಹೆರುವ ವಯಸ್ಸಿನ ಮಹಿಳೆಯರು ಎಷ್ಟಿದ್ದಾರೆ ಅಂತಲೂ ನೋಡಬೇಕು. 1992–93ರಲ್ಲಿ ಕರ್ನಾಟಕದ ಟಿಎಫ್‌ಆರ್ 2.9ರ ಹತ್ತಿರ ಇತ್ತು. ಆಗ ಹುಟ್ಟಿದ ದೊಡ್ಡ ಪೀಳಿಗೆಯೇ ಈಗ ತಾಯಂದಿರು. ತಲೆಗೆ ಎರಡಕ್ಕಿಂತ ಕಡಿಮೆ ಹೆತ್ತರೂ ತಲೆಗಳೇ ಹೆಚ್ಚು. ಇನ್ನೊಂದು ಕಡೆ ಅರವತ್ತು ದಾಟಿದವರು ಅದಕ್ಕೂ ಹಿಂದಿನ ಸಣ್ಣ ಪೀಳಿಗೆಯವರು, ಹಾಗಾಗಿ ಸಾವುಗಳ ಸಂಖ್ಯೆ ಕಡಿಮೆ. ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಸುಮಾರು 16 ಜನನ, 6–7 ಮರಣ. ಉಳಿಯುವ ಒಂಬತ್ತು–ಹತ್ತೇ ಏರಿಕೆ. ಆ ದೊಡ್ಡ ಪೀಳಿಗೆಗೆ ವಯಸ್ಸಾಗುವವರೆಗೆ ಇದು ನಿಲ್ಲುವುದಿಲ್ಲ.

ವಲಸೆಯನ್ನೂ ಬೇರೆ ತೆಗೆದಿಡಿ. 2001–11ರಲ್ಲಿ ರಾಜ್ಯ 15.6% ಬೆಳೆಯಿತು. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ ಸುಮಾರು 47% ಬೆಳೆದರೆ, ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಇಳಿದೇಬಿಟ್ಟಿತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ನೋಡಿ ಹೆರಿಗೆ ವಾರ್ಡಿನ ಮೇಲೆ ತಪ್ಪು ಹೊರಿಸಿದರೆ ಹೇಗೆ?

ಏರಿಕೆ ಬೇಗ ತಗ್ಗಬೇಕಾದರೆ ಮಕ್ಕಳ ಸಂಖ್ಯೆಗಿಂತ ತಾಯಿಯ ವಯಸ್ಸು ಮುಖ್ಯ. ಸರಾಸರಿ 20ಕ್ಕೆ ಹೆರುತ್ತಾ ಹೋದರೆ ಎಂಬತ್ತು ವರ್ಷದಲ್ಲಿ ನಾಲ್ಕು ತಲೆಮಾರು, 27ಕ್ಕೆ ಹೆತ್ತರೆ ಮೂರೇ. ತಲಾ ಎರಡೇ ಮಕ್ಕಳಾದರೂ ಒಂದೇ ಕಾಲದಲ್ಲಿ ಬದುಕಿರುವವರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಹುಡುಗಿಯನ್ನು ಪಿಯುಸಿ, ಡಿಗ್ರಿವರೆಗೆ ಓದಿಸಿದರೆ ಆಗುವ ಕೆಲಸ ಇದು.

ಉತ್ತರ 2: ಕಾಯ್ದೆ_ಕಡತ

ಕಾನೂನಿನ ಭಾಗಕ್ಕೆ ಬರುತ್ತೇನೆ. ನಮ್ಮಲ್ಲಿ ಎರಡು ಮಕ್ಕಳ ನಿಯಮ ಬಂದದ್ದು ಹೆಚ್ಚಾಗಿ ಪಂಚಾಯಿತಿ ಚುನಾವಣೆಗೆ ಅನರ್ಹತೆಯ ರೂಪದಲ್ಲಿ. ಹರಿಯಾಣದ ನಿಯಮವನ್ನು 2003ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಹಾಗಾಗಿ ಸಂವಿಧಾನದ ಅಡ್ಡಿ ಇಲ್ಲ. ಆದರೆ ಜಾರಿಯಲ್ಲಿ ಕೆಟ್ಟಿತು. ಸದಸ್ಯತ್ವ ಉಳಿಸಿಕೊಳ್ಳಲು ಮೂರನೇ ಮಗುವನ್ನು ದತ್ತು ಕೊಟ್ಟಂತೆ ತೋರಿಸುವುದು, ಗರ್ಭಿಣಿ ಹೆಂಡತಿಯನ್ನು ಬಿಡುವುದು, ಲಿಂಗ ಪತ್ತೆ ಮಾಡಿಸಿ ಗರ್ಭಪಾತ, ಎಲ್ಲವೂ ವರದಿಯಾದವು. ನಿಯಮದ ಭಾರ ಬಿದ್ದದ್ದು ಹೆಣ್ಣಿನ ಮೇಲೆ. ಹರಿಯಾಣ, ಹಿಮಾಚಲ, ಮಧ್ಯಪ್ರದೇಶಗಳೇ ಅದನ್ನು ಕೈಬಿಟ್ಟವು. ಆಂಧ್ರ 1994ರ ನಿಯಮವನ್ನು 2024ರಲ್ಲಿ ತೆಗೆದುಹಾಕಿತು, ಈಗ ಅಲ್ಲಿನ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಿ ಅನ್ನುತ್ತಿದ್ದಾರೆ.

ಗುರಿ ಹಾಕಿ ಒತ್ತಾಯಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ತುರ್ತು ಪರಿಸ್ಥಿತಿಯ 1976–77 ಇದೆ. ಆ ಒಂದೇ ವರ್ಷ 80 ಲಕ್ಷಕ್ಕೂ ಮೀರಿ ಸಂತಾನಹರಣ ಆಪರೇಷನ್, ಬಹುಪಾಲು ಗಂಡಸರಿಗೆ. ಆ ಹೆದರಿಕೆ ಇಂದಿಗೂ ಹೋಗಿಲ್ಲ, ಇಡೀ ಹೊಣೆ ಹೆಂಗಸರ ಹೆಗಲೇರಿತು. 2014ರಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಬಳಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದ ಶಿಬಿರದ ನಂತರ ಹತ್ತಕ್ಕೂ ಹೆಚ್ಚು ಮಹಿಳೆಯರು ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಶಿಬಿರ ಪದ್ಧತಿಯನ್ನೇ ನಿಲ್ಲಿಸಿ ಎಂದಿತು.

ಉತ್ತರ 3: ಉಪಕೇಂದ್ರ_ಕೆಲಸ

ಪಿಎಚ್‌ಸಿಯಲ್ಲಿ ಉಳಿದಿರುವ ಕೆಲಸ ಹೆರಿಗೆಗಳ ನಡುವಿನ ಅಂತರದ್ದು. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಟ್ಯುಬೆಕ್ಟಮಿ (ಹೆಂಗಸರ ಸಂತಾನಹರಣ ಆಪರೇಷನ್) ಆಗಿದೆ. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಆಮೇಲೆ ಆಪರೇಷನ್: ಟಿಎಫ್‌ಆರ್ ಇಳಿದದ್ದು ಹೀಗೆ. ತಾಯಿಯ ರಕ್ತಹೀನತೆಗೆ ಯಾರೂ ಲೆಕ್ಕ ಇಡಲಿಲ್ಲ.

ಉಚಿತವಾಗಿ ಸಿಗುವ ಗರ್ಭನಿರೋಧಕ ವಿಧಾನಗಳು ಮತ್ತು ಎಡವುವ ಜಾಗಗಳು:

ವಂಕಿ: ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ (ಕಾಪರ್-ಟಿಯಂಥದ್ದು). 380ಎ ಮಾದರಿ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಹೆರಿಗೆಯಾದ 48 ಗಂಟೆಯೊಳಗೆ ಹಾಕಬಹುದು. ಆ ಸಮಯ ತಪ್ಪಿದರೆ ಆರು ವಾರ ಕಾಯಬೇಕು. ಹೆರಿಗೆ ನೋವಿನ ಮಧ್ಯೆ ಸಹಿ ಕೇಳುವುದು ಒಪ್ಪಿಗೆಯಲ್ಲ, ಗರ್ಭಿಣಿಯಾಗಿದ್ದಾಗಲೇ ಮಾತಾಡಿ ತಾಯಿ ಕಾರ್ಡಿನಲ್ಲಿ ಬರೆದಿಡಬೇಕು.

ಅಂತರ ಇಂಜೆಕ್ಷನ್: ಮೂರು ತಿಂಗಳಿಗೊಮ್ಮೆ. ಎರಡು ವಾರ ಮೊದಲೂ ತೆಗೆದುಕೊಳ್ಳಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಚುಚ್ಚಿದ ಜಾಗ ಉಜ್ಜಬಾರದು, ಶಾಖ ಕೊಡಬಾರದು, ಔಷಧ ಬೇಗ ಕರಗಿಹೋಗುತ್ತದೆ. ಜನ ಬಿಡುವುದು ಎರಡನೇ ಡೋಸಿನಲ್ಲಿ. ಮುಟ್ಟು ಏರುಪೇರಾಗಿ ಆಮೇಲೆ ನಿಂತೇಹೋದರೆ ‘ಹೊಟ್ಟೆಯಲ್ಲಿ ಕೆಟ್ಟ ರಕ್ತ ಕಟ್ಟಿಕೊಂಡಿದೆ’ ಅನ್ನುವ ಭಯ. ಗರ್ಭಕೋಶದ ಒಳಪದರ ಬೆಳೆಯದೇ ಇರುವುದರಿಂದ ಸ್ರಾವವಿಲ್ಲ, ಕಟ್ಟಿಕೊಳ್ಳಲು ಏನೂ ಇರುವುದಿಲ್ಲ. ಮೊದಲ ಡೋಸಿಗೆ ಮುನ್ನವೇ ಇದನ್ನು ಹೇಳಬೇಕು. ಕೊನೆಯ ಡೋಸಿನ ನಂತರ ಗರ್ಭ ನಿಲ್ಲಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು ಅಂತಲೂ ಹೇಳಬೇಕು.

ಛಾಯಾ: ಹಾರ್ಮೋನ್ ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ವಾರ ಮರೆತುಹೋಗುವುದೇ ಇದರ ತೊಂದರೆ.

ಎನ್‌ಎಸ್‌ವಿ: ಗಂಡಸರ ಸಂತಾನಹರಣ ಆಪರೇಷನ್, ಹೊಲಿಗೆ ಬೇಕಿಲ್ಲ, ಅದೇ ದಿನ ಮನೆಗೆ. ಆದರೆ ಮೂರು ತಿಂಗಳು ನಿರೋಧ್ (ಕಾಂಡೋಮ್) ಬಳಸಲೇಬೇಕು, ಕತ್ತರಿಸಿದ ಜಾಗದಿಂದ ಮುಂದಿನ ನಾಳದಲ್ಲಿ ವೀರ್ಯಾಣು ಉಳಿದಿರುತ್ತವೆ. ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಎಂದು ಬಂದ ಮೇಲೆಯೇ ಪ್ರಮಾಣಪತ್ರ. ‘ಆಪರೇಷನ್ ಫೇಲ್’ ಅನ್ನುವ ಎಷ್ಟೋ ಪ್ರಕರಣ ಈ ಮೂರು ತಿಂಗಳಿನವು.

ಮರುಪ್ರಶ್ನೆ: ಶರಾವತಿ_ದಂಡೆ

ಧನ್ಯವಾದ. ಟ್ಯುಬೆಕ್ಟಮಿಗೆ ಗಂಡನ ಸಹಿ ಬೇಕೇ ಬೇಕು ಅನ್ನುತ್ತಾರಲ್ಲ? ಆಪರೇಷನ್ ಆದ ಮೇಲೂ ಗರ್ಭ ನಿಂತರೆ?

ಉತ್ತರ: ಉಪಕೇಂದ್ರ_ಕೆಲಸ

ಬೇಡ. ಕೇಂದ್ರದ ಮಾರ್ಗಸೂಚಿಯಲ್ಲಿ ಸಂಗಾತಿಯ ಸಹಿ ಕಡ್ಡಾಯವಲ್ಲ. ಮಹಿಳೆಗೆ 22ರಿಂದ 49 ವಯಸ್ಸು, ಮದುವೆಯಾಗಿರಬೇಕು, ವರ್ಷ ತುಂಬಿದ ಒಂದು ಮಗುವಾದರೂ ಇರಬೇಕು. ಒಪ್ಪಿಗೆ ಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿರಬೇಕು, ಓದಲು ಬಾರದಿದ್ದರೆ ಓದಿ ಹೇಳಬೇಕು.

ಆಪರೇಷನ್ ನಂತರ ಮುಟ್ಟು ತಪ್ಪಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಪರಿಹಾರ ಯೋಜನೆ ಇದೆ, ವಿಫಲವಾದದ್ದು ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು. ಒಪ್ಪಿಗೆ ಪತ್ರದ ಪ್ರತಿ, ಆಪರೇಷನ್ ಪ್ರಮಾಣಪತ್ರ, ಗರ್ಭ ಖಚಿತಪಡಿಸಿದ ವರದಿ ಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗಬಹುದು. ಅದನ್ನು ಆಪರೇಷನ್ ದಿನ ಕೊಡುವುದಿಲ್ಲ, ಒಂದು ತಿಂಗಳ ಮೇಲೆ ಅಥವಾ ಮೊದಲ ಮುಟ್ಟಾದ ಮೇಲೆ ಹೋಗಿ ಕೇಳಿ ಪಡೆಯಬೇಕು.