ಪಿಕಪ್ ಹತ್ತಲು ಒಪ್ಪದ ಮುರ್ರಾ ಎಮ್ಮೆ: ಹೊಡೆಯದೆ, ಜಗ್ಗದೆ ಹತ್ತಿಸುವುದು ಹೇಗೆ?

ಪ್ರಶ್ನೆ: ತಿಪಟೂರು ತಾಲ್ಲೂಕಿನ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ನಾಲ್ಕನೆಯ ಸೂಲಿನ ಮುರ್ರಾ ತಳಿಯ ಎಮ್ಮೆಯೊಂದಿದೆ. ಈದು ಮೂರು ತಿಂಗಳಾಗಿದೆ. ಈ ಬೇಸಿಗೆಗೆ ನಮ್ಮ ಮೇವು ಸಾಲದು. ಆದ್ದರಿಂದ ಮಳೆ ಬೀಳುವವರೆಗೆ ಅದನ್ನು ಕರುವಿನೊಂದಿಗೆ ಅರಸೀಕೆರೆ ತಾಲ್ಲೂಕಿನಲ್ಲಿರುವ ತಂಗಿಯ ಮನೆಗೆ ಕಳುಹಿಸಬೇಕಾಗಿದೆ.

ಕಳೆದ ಭಾನುವಾರ ಬಾಡಿಗೆ ಪಿಕಪ್ ತರಿಸಿ, ಆರು ಜನ ಸೇರಿ ಹತ್ತಿಸಲು ನೋಡಿದೆವು. ಇಬ್ಬರು ಮುಂದೆ ನಿಂತು ಹಗ್ಗ ಜಗ್ಗಿದರು, ಉಳಿದವರು ಹಿಂದಿನಿಂದ ನೂಕಿದರು, ಕೊನೆಗೆ ಒಬ್ಬರು ಬಾಲ ತಿರುಚಿದರು. ಎಮ್ಮೆ ಕಬ್ಬಿಣದ ತಗಡಿನ ಮೇಲೆ ಎರಡು ಹೆಜ್ಜೆ ಇಟ್ಟು, ಗೊರಸು ಜಾರಿ ಮಂಡಿಯೂರಿ ಬಿದ್ದಿತು. ಎಡಮಂಡಿಯ ಚರ್ಮ ನಾಣ್ಯದಗಲ ಸುಲಿದುಹೋಯಿತು. ಆಮೇಲೆ ಅಂಗಳದಲ್ಲಿಯೇ ಮಲಗಿಬಿಟ್ಟಿತು. ಒಂದು ಗಂಟೆಯವರೆಗೆ ಯಾರು ಏನು ಮಾಡಿದರೂ ಏಳಲಿಲ್ಲ. ಅಂದು ಸಂಜೆ ಕೆಚ್ಚಲು ತುಂಬಿದ್ದರೂ ತೊರೆ ಬಿಡಲಿಲ್ಲ, ಹಾಲು ಇಳಿಯಲೇ ಇಲ್ಲ. ಈಗ ಬೀದಿಯಲ್ಲಿ ಯಾವ ವಾಹನದ ಸದ್ದು ಕೇಳಿದರೂ ಕಣ್ಣಿ ಜಗ್ಗುತ್ತದೆ. ನನ್ನ ಕೈಯಿಂದ ಹಿಂಡಿ ತಿನ್ನುವ ಪ್ರಾಣಿ ನನ್ನನ್ನೇ ಕಂಡು ಹಿಂದೆ ಸರಿಯುವುದನ್ನು ನೋಡಲಾಗುತ್ತಿಲ್ಲ. ಎರಡು ವಾರಗಳ ಸಮಯವಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮದ್ದೂರಿನ ಕಡೆಯ ಹೈನುಗಾರ್ತಿ

ಅಣ್ಣ, ಮೊದಲು ಮಂಡಿಯ ಗಾಯ ಒಣಗಲಿ. ನೋವಿರುವ ಕಾಲಿನಲ್ಲಿ ಯಾವ ಪ್ರಾಣಿಯೂ ಏರನ್ನು ಹತ್ತುವುದಿಲ್ಲ; ಅದನ್ನು ಹಟವೆಂದು ತಿಳಿಯಬೇಡಿ.

ನಮ್ಮ ಎಮ್ಮೆಯೂ ಹೀಗೆಯೇ ಮಲಗಿಬಿಡುತ್ತಿತ್ತು. ನಾನು ಹಳೆಯ ಬಾಗಿಲಿನ ಹಲಗೆಯೊಂದನ್ನು ಕೊಟ್ಟಿಗೆಯ ಮುಂದೆ ನೆಲಕ್ಕೇ ಹಾಸಿ, ಅದರ ಮೇಲೆ ಕೊಟ್ಟಿಗೆಯಲ್ಲಿ ಬಳಸಿದ ಗೋಣಿಚೀಲವನ್ನೂ ಅದು ತುಳಿದ ಒಣಹುಲ್ಲನ್ನೂ ಹರಡಿದೆ. ತನ್ನದೇ ವಾಸನೆ ಇದ್ದ ಕಡೆ ಅದು ಧೈರ್ಯವಾಗಿ ಕಾಲಿಡುತ್ತದೆ. ಬೂಸಾದ ಬಾಣಲಿಯನ್ನು ಹಲಗೆಯ ಆಚೆ ತುದಿಗೆ ಇಟ್ಟು, ಕಣ್ಣಿಯನ್ನು ಸಡಿಲವಾಗಿ ಹಿಡಿದು ಸುಮ್ಮನೆ ನಿಂತೆ. ಮೊದಲ ದಿನ ಕತ್ತು ಚಾಚಿ ಮೂಸಿ, ಮೂಗಿನಿಂದ ಒಂದು ಸಲ ಜೋರಾಗಿ ಗಾಳಿ ಬಿಟ್ಟು ಹಿಂದೆ ಹೋಯಿತು. ಮೂರನೆಯ ದಿನ ಹಲಗೆಯ ಮೇಲೆ ನಿಂತು ಬಾಣಲಿ ನೆಕ್ಕಿತು. ಆಮೇಲೆ ಹಲಗೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು ದಿನಕ್ಕೆ ಒಂದು ವರಸೆಯಂತೆ ಎತ್ತರಿಸಿದೆ. ಹಲಗೆ ಅಲುಗಾಡದಂತೆ ಕೆಳಗೆ ಮಣ್ಣು ತುಂಬಿ ಬಡಿಯಬೇಕು. ಒಮ್ಮೆ ಅಲುಗಿದರೆ ಹಿಂದಿನ ಮೂರು ದಿನಗಳ ಕೆಲಸ ಹಾಳಾಗುತ್ತದೆ.

ನಿಮ್ಮ ಊರಿನಲ್ಲಿ ಯಾರದಾದರೂ ಟ್ರ್ಯಾಕ್ಟರ್ ಟ್ರೈಲರ್ ಬಿಡುವಾಗಿದ್ದರೆ, ಹೊಲದ ಬದುವಿಗೆ ಅದರ ಹಿಂಬದಿಯನ್ನು ಒತ್ತಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ನಾಲ್ಕು ದಿನ ಅಲ್ಲಿಯೇ ಮೇವು ಹಾಕಿ. ಹೋಗುವ ದಿನ ಕರುವನ್ನು ಮೊದಲು ಹತ್ತಿಸಿ. ಆದರೆ ಕರುವಿಗೂ ತಾಯಿಗೂ ನಡುವೆ ಗಟ್ಟಿಯಾದ ಅಡ್ಡಹಲಗೆ ಇರಲೇಬೇಕು. ಐನೂರು ಕಿಲೋ ತೂಗುವ ತಾಯಿ ತಿರುವಿನಲ್ಲಿ ವಾಲಿದರೆ ಕರು ಉಳಿಯುವುದಿಲ್ಲ.

ಉತ್ತರ 2: ಪಿಕಪ್ ಚಾಲಕ, ಚಿಕ್ಕನಾಯಕನಹಳ್ಳಿ

ಅಕ್ಕನವರು ಹೇಳಿದ್ದು ಸರಿಯಾಗಿದೆ. ವಾಹನದ ಕಡೆಯಿಂದ ನನಗೆ ತಿಳಿದಿದ್ದನ್ನು ಸೇರಿಸುತ್ತೇನೆ. ಎಂಜಿನ್ ಆರಿಸಿ, ಹಿಂಬಾಗಿಲಿನ ಸರಪಳಿಗೆ ಬಟ್ಟೆ ಸುತ್ತಿ. ಆ ಸರಪಳಿಯ ಝಣಝಣ ಸದ್ದಿಗೆ ಬೆದರಿದ ಎಮ್ಮೆಗಳನ್ನು ನಾನು ಬಹಳ ನೋಡಿದ್ದೇನೆ. ಒಳಗಿನ ತಗಡಿನ ಮೇಲೆ ಎರಡು ಅಂಗುಲ ಮರಳು, ಅದರ ಮೇಲೆ ಹುಲ್ಲು ಹಾಕಿದರೆ ಗೊರಸಿಗೆ ಹಿಡಿತ ಸಿಗುತ್ತದೆ, ಸದ್ದೂ ಅಡಗುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಒಳಗೆ ಕಟ್ಟುವಾಗ ಕೊರಳ ಹಗ್ಗವನ್ನೇ ಕಟ್ಟಿ. ಮೂಗುದಾರವಿದ್ದರೆ ಅದನ್ನು ವಾಹನಕ್ಕೆ ಎಂದಿಗೂ ಕಟ್ಟಬಾರದು, ಬ್ರೇಕ್ ಒತ್ತಿದಾಗ ಮೂಗು ಹರಿಯುತ್ತದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಹಗ್ಗ ತಲೆ ತಗ್ಗಿಸುವಷ್ಟು ಉದ್ದವಿರಲಿ, ಕಾಲು ಸಿಕ್ಕಿಕೊಳ್ಳುವಷ್ಟು ಬೇಡ. ಏನೂ ಆಗದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದನ್ನು ನಮ್ಮ ಹಿರಿಯರು ಮಾಡುತ್ತಿದ್ದರು.

ಉತ್ತರ 3: ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಹಾಸನ

ಚಾಲಕ ಸಹೋದರರ ಮಾತುಗಳಲ್ಲಿ ಕೊನೆಯದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಮನೆಲದಲ್ಲಿ ಕಣ್ಣು ಕಟ್ಟಿ ನಡೆಸಬಹುದೇನೋ. ಒಮ್ಮೆ ಜಾರಿ ಬಿದ್ದಿರುವ ಎಮ್ಮೆಯನ್ನು ಏರಿನ ಮೇಲೆ ಕುರುಡಾಗಿ ನಡೆಸಿದರೆ ಎರಡನೆಯ ಸಲ ಅದು ಪಕ್ಕಕ್ಕೆ ಬೀಳುತ್ತದೆ, ಅದರ ಕೆಳಗೆ ಮನುಷ್ಯರೂ ಸಿಲುಕುತ್ತಾರೆ.

ದನ, ಎಮ್ಮೆಗಳ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅವಕ್ಕೆ ಸುತ್ತಲಿನ ಬಹುಭಾಗ ಒಮ್ಮೆಗೇ ಕಾಣುತ್ತದೆ, ಆದರೆ ಎದುರಿನ ನೆಲದ ಆಳ ಸರಿಯಾಗಿ ಅಂದಾಜಾಗುವುದಿಲ್ಲ. ನಮಗೆ ಬರಿಯ ನೆರಳಾಗಿ ಕಾಣುವ ಪಟ್ಟೆ ಅದಕ್ಕೆ ಹಳ್ಳದಂತೆ ತೋರಬಹುದು. ತಲೆ ತಗ್ಗಿಸಿ ಮೂಸಿ ನೋಡಲು ಬಿಡಬೇಕೆನ್ನುವುದು ಇದಕ್ಕೇ. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ಜಾನುವಾರುಗಳು ಸಾಗುವ ಓಣಿಗಳಲ್ಲಿ ತಾವೇ ನಡೆದು, ಅವುಗಳ ಕಣ್ಣಿನ ಮಟ್ಟದಿಂದ ನೋಡಿ, ನೆರಳು, ಹೊಳಪು, ತೂಗಾಡುವ ಸರಪಳಿ ಇಂತಹ ಸಣ್ಣ ಸಂಗತಿಗಳೇ ಅವನ್ನು ತಡೆಯುತ್ತವೆಂದು ತೋರಿಸಿದರು. ನೀವೂ ಹತ್ತಿಸುವ ಮೊದಲು ಒಮ್ಮೆ ಬಗ್ಗಿ, ಎಮ್ಮೆ ನಿಲ್ಲುವ ಜಾಗದಿಂದ ವಾಹನದ ಒಳಗೆ ನೋಡಿ. ಒಳಗೆ ಕತ್ತಲಿದ್ದರೆ ಮೇಲಿನ ಟಾರ್ಪಾಲು ತೆಗೆಯಿರಿ.

ಇಳಿಜಾರು 20 ಡಿಗ್ರಿ ಮೀರಬಾರದು. ಅಂದರೆ ಒಂದಡಿ ಎತ್ತರಕ್ಕೆ ಮೂರಡಿ ಉದ್ದ. ಮೂರಡಿ ಎತ್ತರದ ಪಿಕಪ್‌ಗೆ ಒಂಬತ್ತು ಅಡಿ ಬೇಕು. ನಿಮ್ಮ ತಗಡು ಬಹುಶಃ ಐದಡಿಯದಿರಬೇಕು. ಅಷ್ಟು ಉದ್ದದ ಹಲಗೆ ಸಿಗದಿದ್ದರೆ ವಾಹನದ ಹಿಂಗಾಲಿಗಳನ್ನು ತಗ್ಗಿಗೆ ಇಳಿಸಿ ನಿಲ್ಲಿಸುವುದು ಉತ್ತಮ.

ನಡೆಸುವವರು ಎಮ್ಮೆಯ ಭುಜಕ್ಕಿಂತ ಸ್ವಲ್ಪ ಹಿಂದೆ, ಪಕ್ಕದಲ್ಲಿ ನಿಲ್ಲಬೇಕು. ಭುಜದ ಹಿಂದೆ ಒಂದು ಹೆಜ್ಜೆ ಇಟ್ಟರೆ ಅದು ಮುಂದೆ ಸಾಗುತ್ತದೆ, ಭುಜದ ಮುಂದೆ ಬಂದರೆ ಹಿಂದೆ ಸರಿಯುತ್ತದೆ. ಮುಂದೆ ನಿಂತು ಮುಖ ನೋಡುತ್ತ ಜಗ್ಗುವವರು ತಾವೇ ದಾರಿಗೆ ಅಡ್ಡ ನಿಂತಂತೆ. ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದೇ ಇಲ್ಲ, ಒದೆತ ಅಲ್ಲಿಯೇ ಬೀಳುತ್ತದೆ. ಎರಡು ಜನ ಸಾಕು. ಹಾಲು ಇಳಿಯದಿದ್ದುದು ಹೆದರಿಕೆಯಿಂದ: ಭಯದಲ್ಲಿ ಏರುವ ಅಡ್ರಿನಲಿನ್ ಎಂಬ ಹಾರ್ಮೋನು, ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಕೆಲವು ದಿನ ಶಾಂತವಾಗಿ ಕಳೆದರೆ ಸರಿಹೋಗುತ್ತದೆ.

1978ರ ಪ್ರಾಣಿ ಸಾಗಣೆ ನಿಯಮಗಳಂತೆ, ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಬೇಕು, ನೆಲಕ್ಕೆ ತೆಂಗಿನ ನಾರಿನ ಚಾಪೆಯಂತಹ ಜಾರದ ಹಾಸು ಇರಬೇಕು, ಜೊತೆಯಲ್ಲಿ ಒಬ್ಬರು ನೋಡಿಕೊಳ್ಳುವವರು ಇರಬೇಕು, ಬೇರೆ ಸರಕು ಹೇರಬಾರದು. ಸಾಧ್ಯವಾದಷ್ಟೂ ಎಂಜಿನ್ ಕಡೆಗೆ ಮುಖ ಮಾಡಿ ನಿಲ್ಲಿಸಬೇಕೆಂದೂ ಅದರಲ್ಲಿದೆ. ಎಮ್ಮೆಯ ಕಿವಿಗೆ ಹಾಕಿರುವ ಗುರುತಿನ ಓಲೆಯ 12 ಅಂಕಿಗಳ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ. ಎಮ್ಮೆಯ ಚರ್ಮ ಕಪ್ಪು, ಬೆವರಿನ ಗ್ರಂಥಿಗಳೂ ಹಸುವಿಗಿಂತ ಕಡಿಮೆ. ಆದ್ದರಿಂದ ಬಿಸಿಲೇರುವ ಮೊದಲೇ ತಲುಪುವಂತೆ ಹೊರಡಿ, ಹೊರಡುವಾಗ ಮೈಮೇಲೆ ನೀರು ಹಾಕಿ.

ಪ್ರಶ್ನೆ ಕೇಳಿದವರಿಂದ, ಹದಿಮೂರು ದಿನಗಳ ನಂತರ

ಎಲ್ಲರಿಗೂ ನನ್ನ ಕೃತಜ್ಞತೆಗಳು. ಇಂದು ಬೆಳಿಗ್ಗೆ ಎಮ್ಮೆ ತಂಗಿಯ ಮನೆ ಸೇರಿತು.

ಹಾಸನದ ಹಿರಿಯರು ಹೇಳಿದಂತೆ ಬಗ್ಗಿ ನೋಡಿದಾಗ, ಹಿಂಬಾಗಿಲಿಗೂ ಪಿಕಪ್‌ನ ಒಳನೆಲಕ್ಕೂ ನಡುವೆ ನಾಲ್ಕು ಬೆರಳಗಲದ ಸಂದು ಕಾಣಿಸಿತು. ಅದರೊಳಗೆ ಬೆಳಕು ಹೊಳೆಯುತ್ತಿತ್ತು. ಆರು ಜನ ನಿಂತಿದ್ದರೂ ಅಂದು ನಮ್ಮಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಅದಕ್ಕೆ ಗೋಣಿಚೀಲ ತುರುಕಿ, ತೋಟದ ಬದುವಿಗೆ ಒತ್ತಿ ಪಿಕಪ್ ನಿಲ್ಲಿಸಿ, ಮರಳು ಮತ್ತು ಕೊಟ್ಟಿಗೆಯ ಹುಲ್ಲು ಹರಡಿದೆವು. ಮುಂಗಾಲುಗಳನ್ನು ಹಲಗೆಯ ಮೇಲಿಟ್ಟು ಎಮ್ಮೆ ನಿಂತುಬಿಟ್ಟಿತು. ನನ್ನ ಭಾವಮೈದುನ ನೂಕಲು ಮುಂದಾದಾಗ ಅವನ ತೋಳು ಹಿಡಿದೆ. ಏಳೆಂಟು ನಿಮಿಷ ಯಾರೂ ಮಾತನಾಡಲಿಲ್ಲ. ಒಳಗಿನಿಂದ ಕರು ಒಮ್ಮೆ ಕೂಗಿತು. ಎಮ್ಮೆ ಮೂಗನ್ನು ಹುಲ್ಲಿಗೆ ಊರಿ, ಉಸಿರು ಬಿಟ್ಟು, ತಾನಾಗಿಯೇ ಒಳಗೆ ಹೋಯಿತು.

ಇಳಿಸುವುದೇ ಕಷ್ಟವಾಯಿತು. ಅಲ್ಲಿ ಬದುವಿರಲಿಲ್ಲ, ಗಡಿಬಿಡಿಯಲ್ಲಿ ತಿಪ್ಪೆಗೆ ಒತ್ತಿ ಇಳಿಸಿದೆವು, ಹಿಂಗಾಲು ಮೊಣಕಾಲಿನವರೆಗೆ ಹೂತುಕೊಂಡಿತು. ಗಾಯವೇನೂ ಆಗಲಿಲ್ಲ. ಮಳೆಗಾಲಕ್ಕೆ ಮರಳಿ ತರುವ ಮೊದಲು ಎರಡೂ ಮನೆಗಳಲ್ಲಿ ಮೂರಡಿ ಎತ್ತರ, ಒಂಬತ್ತು ಅಡಿ ಉದ್ದದ ಮಣ್ಣಿನ ಏರು ಕಟ್ಟಿಸಬೇಕೆಂದಿದ್ದೇನೆ. ಮಣ್ಣು ಕುಸಿಯದಂತೆ ಪಕ್ಕಕ್ಕೆ ಸೈಜುಗಲ್ಲು ಕೊಡುವುದೋ, ಹಳೆಯ ಟೈರುಗಳನ್ನು ಹೂಳುವುದೋ, ಯಾವುದು ಬಾಳಿಕೆ ಬರುತ್ತದೆಂದು ಕಟ್ಟಿಸಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.